ಪಾಳುಬಿದ್ದ ಬಾಣೆಯಲ್ಲಿ ಮತ್ತೆ ಕಾಡು: ನೆಡುವುದಾ, ಬಿಡುವುದಾ?

ಜೂನ್ 5ರ ಪರಿಸರ ದಿನ ಬಂತೆಂದರೆ ಕೊಡಗಿನ ಶಾಲೆ, ಸಂಘ, ಪಂಚಾಯಿತಿ ಎಲ್ಲ ಕಡೆ ಗಿಡ ನೆಡುವ ಗಡಿಬಿಡಿ. ಗುಂಡಿ ರೆಡಿ, ಬ್ಯಾನರ್ ರೆಡಿ, ಫೋಟೊನೂ ಆಯಿತು. ಕೆಲವು ಕಡೆ ಗುಂಡಿ ಹೋದ ವರ್ಷದ್ದೇ. ನೆಡುವುದನ್ನು ಹೀಗಳೆಯುತ್ತಿಲ್ಲ. ಆದರೆ ಕಾಡು ಸರಿಮಾಡಬೇಕು ಅಂದ ಕೂಡಲೇ ನರ್ಸರಿಗೆ ಓಡುವ ಅಭ್ಯಾಸ ನಮಗಿದೆ. ನಮ್ಮ ಜಿಲ್ಲೆಯ ಎಷ್ಟೋ ಜಾಗದಲ್ಲಿ ನೆಡುವ ಅಗತ್ಯವೇ ಇಲ್ಲ. ಕೆಲವು ಕಡೆ ನೆಟ್ಟರೆ ಕೆಡುಕು. ಯಾವ ಜಾಗಕ್ಕೆ ಯಾವ ದಾರಿ ಅನ್ನುವುದು ಮೊದಲು ತೀರ್ಮಾನ ಆಗಬೇಕು. ದುಡ್ಡು, ಆಳಿನ ಲೆಕ್ಕ ಆಮೇಲಿನದು.

ಇದನ್ನು ಬರೆಯುತ್ತಿರುವುದು ನಾಲ್ಕೈದು ಎಕರೆ ಪಾಳುಬಿದ್ದ ಬಾಣೆ (ಗದ್ದೆಗೆ ಸೇರಿಕೊಂಡು ಬಂದ ಮರಗಿಡದ ಏರುಜಾಗ) ಇರುವವರಿಗೆ, ಕಾಫಿ ತೋಟದ ಬದಿಯಲ್ಲಿ ಹಬ್ಬಿದ ಲಂಟಾನ ಅನ್ನುವ ಮುಳ್ಳು ಕಳೆಯ ಪಟ್ಟಿಯನ್ನು ಏನು ಮಾಡುವುದು ಅಂತ ತಲೆ ಕೆರೆದುಕೊಳ್ಳುತ್ತಿರುವವರಿಗೆ, ಮತ್ತೆ ಊರಿನ ದೇವರಕಾಡು ಸಮಿತಿಯಲ್ಲಿ ಇರುವವರಿಗೆ. ನಾಗರಹೊಳೆ, ಪುಷ್ಪಗಿರಿ, ಬ್ರಹ್ಮಗಿರಿಯ ಒಳಗೆ ಏನಾಗಬೇಕು ಅನ್ನುವುದು ಅರಣ್ಯ ಇಲಾಖೆಗೆ ಬಿಟ್ಟ ವಿಷಯ.

ಮೊದಲು ಮಳೆ ನೋಡಿ

ಭಾಗಮಂಡಲದ ಕಡೆ ವರ್ಷದ ಮಳೆ 200 ಇಂಚು ದಾಟುತ್ತದೆ. ಕುಶಾಲನಗರದ ಕಡೆ 40 ಇಂಚಿನ ಆಸುಪಾಸು. ನಡುವೆ ಬಸ್ಸಿನಲ್ಲಿ ಎರಡು ಮೂರು ಗಂಟೆ ದಾರಿ, ಅಷ್ಟೇ. ಪಶ್ಚಿಮಕ್ಕೆ ಸದಾ ಹಸಿರು ಕಾಡು, ಪೂರ್ವಕ್ಕೆ ಎಲೆ ಉದುರುವ ಕಾಡು. ಹಾಗಾಗಿ "ಕೊಡಗಿಗೆ ಒಳ್ಳೆ ಗಿಡ ಯಾವುದು" ಅಂತ ಕೇಳಿದರೆ ಉತ್ತರ ಸಿಗುವುದಿಲ್ಲ. ಧೂಪದ ಸಸಿಯನ್ನು ಕುಶಾಲನಗರದ ಬಯಲಿಗೆ ತಂದರೆ ಮಾರ್ಚ್ ದಾಟುವುದು ಕಷ್ಟ. ಮತ್ತಿಯನ್ನು ಭಾಗಮಂಡಲದ ಕತ್ತಲು ಕಾಡಿಗೆ ಒಯ್ದರೆ ಬಿಸಿಲಿಲ್ಲದೆ ಸೊರಗುತ್ತದೆ.

ತೋಟದ ಮನೆಗಳಲ್ಲಿ ಮಳೆ ಲೆಕ್ಕ ಬರೆದಿಟ್ಟ ಹಳೇ ಪುಸ್ತಕ ಇರುತ್ತದೆ ಅಲ್ವಾ? ಅದನ್ನು ತೆಗೆಯಿರಿ. ವರ್ಷದ ಒಟ್ಟು ಇಂಚು ಪಕ್ಕಕ್ಕಿಡಿ. ಎರಡೇ ವಿಷಯ ನೋಡಿ. ಒಂದೇ ದಿನ ಐದಾರು ಇಂಚು ಸುರಿದ ದಿನಗಳು ಎಷ್ಟು? ಸುಗ್ಗಿ ಹಬ್ಬ ಪುತ್ತರಿ ಕಳೆದ ಮೇಲೆ, ಕಾಫಿ ಹೂ ಅರಳಿಸುವ ಬೇಸಿಗೆಯ ಹೂಮಳೆ ತನಕ ಹನಿ ಬೀಳದ ದಿನಗಳು ಎಷ್ಟು? ಗುಡ್ಡ ಜಾರುವುದು ಮೊದಲನೆಯದರಿಂದ, ಸಸಿ ಸಾಯುವುದು ಎರಡನೆಯದರಿಂದ. ಅರಬ್ಬೀ ಸಮುದ್ರ ಬಿಸಿಯಾದಷ್ಟೂ ಗಾಳಿ ಹೊತ್ತು ತರುವ ನೀರು ಜಾಸ್ತಿ. ಅದು ಹದವಾಗಿ ಬೀಳುವ ಬದಲು ಒಮ್ಮೆಗೇ ಬೀಳುತ್ತದೆ. ಗುಡ್ಡ ಜಾರಿದ್ದು 2018ರಲ್ಲಿ ಮಕ್ಕಂದೂರು, ಜೋಡುಪಾಲ. 2019ರಲ್ಲಿ ತೋರ. 2020ರಲ್ಲಿ ತಲಕಾವೇರಿ. ಮೂರೂ ಆಗಸ್ಟ್ ತಿಂಗಳಲ್ಲೇ. ಮುಂದೆ ಹೇಳುವ ದಾರಿಗಳನ್ನೆಲ್ಲ ಈ ಎರಡು ಹೊಡೆತ ಇಟ್ಟುಕೊಂಡೇ ಅಳೆಯಬೇಕು.

ಹತ್ತು ಹೆಜ್ಜೆಯ ಚೌಕ

ಅಕ್ಟೋಬರ್ ನಡುವಿನ ಕಾವೇರಿ ಸಂಕ್ರಮಣದ ಹೊತ್ತಿಗೆ ಮಳೆ ಸ್ವಲ್ಪ ಬಿಡುತ್ತದೆ. ಆಗ ಜಾಗಕ್ಕೆ ಹೋಗಿ ಹತ್ತು ಹೆಜ್ಜೆ ಉದ್ದ, ಹತ್ತು ಹೆಜ್ಜೆ ಅಗಲದ ಚೌಕ ಗುರುತು ಮಾಡಿ. ಕತ್ತಿ ಹಿಡಿದು ಲಂಟಾನದ ಕೆಳಗೆ ಬಗ್ಗಿ ನೋಡಿ. ಮೇಲಿಂದ ನೋಡಿದರೆ ಬರೀ ಮುಳ್ಳು. ಕೆಳಗೆ ಮೊಣಕಾಲೆತ್ತರದ ನಂದಿ ಸಸಿ, ಬೆಳಕಿಗಾಗಿ ಸೊಟ್ಟಗೆ ಬಾಗಿದ ನೇರಳೆ, ಹಳೇ ಹೊನ್ನೆ ಬುಡದಿಂದ ಎದ್ದ ನಾಲ್ಕು ಚಿಗುರು ಕಾಣಬಹುದು. ಬಳ್ಳಿ, ಕಾಫಿ ಹುಟ್ಟುಗಿಡ ಬಿಟ್ಟು ಮರವಾಗುವಂಥದ್ದನ್ನು ಮಾತ್ರ ಎಣಿಸಿ. ಬುಡದ ಚಿಗುರನ್ನು ಒಂದು ಬುಡಕ್ಕೆ ಒಂದೇ ಅಂತ ಲೆಕ್ಕ ಹಾಕಿ.

ಹತ್ತು ಹೆಜ್ಜೆ ಅಂದರೆ ಸುಮಾರು ಏಳು ಮೀಟರ್. ಒಂದು ಚೌಕದಲ್ಲಿ ಐದು ಸಿಕ್ಕರೆ ಎಕರೆಗೆ ಸುಮಾರು 400 ಆಯಿತು. ಮೂರು ಮೀಟರ್ ಅಂತರದಲ್ಲಿ ಗಿಡ ನೆಟ್ಟರೂ ಎಕರೆಗೆ ಹಿಡಿಯುವುದು 450. ಅಂದರೆ ದುಡ್ಡು ಕೊಟ್ಟು ತರಬೇಕೆಂದಿದ್ದ ಗಿಡಗಳು ಆಗಲೇ ಅಲ್ಲಿವೆ! ಬೇರು ಬಿಟ್ಟು, ಆ ಜಾಗದ ಒಂದೆರಡು ಬೇಸಿಗೆ ಕಂಡ ಗಿಡಗಳು. ಬೇರೆ ಬೇರೆ ಕಡೆ ಏಳೆಂಟು ಚೌಕ ನೋಡಿ. ಏರು, ಇಳಿಜಾರು, ತೋಡಿನ ಬದಿ ಒಂದೇ ಥರ ಇರುವುದಿಲ್ಲ.

ನನ್ನ ಲೆಕ್ಕ ಇಷ್ಟು. ಚೌಕಕ್ಕೆ ಐದು ಅಥವಾ ಜಾಸ್ತಿ ಇದ್ದರೆ ನೆಡಬೇಡಿ, ಕಾಯಿರಿ. ಎರಡು ಮೂರು ಇದ್ದರೆ ಕಳೆ ತೆಗೆದು ಸಂದಿಗಳಲ್ಲಿ ಮಾತ್ರ ನೆಡಿ. ಒಂದೂ ಇಲ್ಲ, ಹತ್ತಿರದಲ್ಲಿ ಬೀಜ ಬೀಳಿಸುವ ಮರವೂ ಇಲ್ಲ ಅಂದರೆ ಪೂರ್ತಿ ನೆಡುವುದೇ ದಾರಿ.

ಬಿಟ್ಟು ಕಾಯುವುದು

ಎಲ್ಲಕ್ಕಿಂತ ಅಗ್ಗ ಇದೇ. ಎಲ್ಲಕ್ಕಿಂತ ಜಾಸ್ತಿ ಮಾತು ಕೇಳಬೇಕಾಗುವುದೂ ಇದರಿಂದಲೇ. "ಏನೂ ಮಾಡದೆ ಸುಮ್ನೆ ಬಿಟ್ಟಿದ್ದೀರಲ್ಲಾ" ಅಂತ ಪಕ್ಕದ ಮನೆಯವರು ಕೇಳದೆ ಇರುವುದಿಲ್ಲ.

ದೇವರಕಾಡಿನ ಪಕ್ಕ, ಹಳೇ ನೆರಳು ಮರಗಳಿರುವ ತೋಟದ ಅಂಚು, ಅರಣ್ಯಕ್ಕೆ ತಾಗಿದ ಬಾಣೆ, ಇಂಥ ಜಾಗದಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ಮಂಗಟ್ಟೆ, ಕುಟ್ರುಹಕ್ಕಿ, ಬಾವಲಿ, ಪುನುಗುಬೆಕ್ಕು ತಂದು ಹಾಕುವ ಬೀಜದಷ್ಟು ಬಗೆ ಯಾವ ನರ್ಸರಿಯಲ್ಲೂ ಸಿಗುವುದಿಲ್ಲ. ಒಂದು ಗೋಳಿ ಅಥವಾ ಅತ್ತಿ ಮರ ಹತ್ತಿರದಲ್ಲಿದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಹಣ್ಣು ತಿನ್ನಲು ಬಂದ ಹಕ್ಕಿ ಬೇರೆ ಕಡೆ ತಿಂದ ಬೀಜವನ್ನು ಅಲ್ಲೇ ಉದುರಿಸುತ್ತದೆ.

ಬಿಡುವುದು ಅಂದರೆ ಮರೆತುಬಿಡುವುದಲ್ಲ. ದನ ಬರದಂತೆ ಬೇಲಿ ಬೇಕು. ಬೆಂಕಿ ಬೀಳದಂತೆ ನೋಡಬೇಕು. ತಿತಿಮತಿ, ಕುಟ್ಟ, ಕುಶಾಲನಗರದ ಕಡೆಯಾದರೆ ಬೆಂಕಿಯೇ ದೊಡ್ಡ ಶತ್ರು. ಎರಡು ವರ್ಷ ಎದ್ದ ಸಸಿ ಒಂದು ಮಧ್ಯಾಹ್ನದಲ್ಲಿ ಹೋಗುತ್ತದೆ. ಡಿಸೆಂಬರ್ ಕೊನೆಗೆ ಅಂಚಿನಲ್ಲಿ ಹತ್ತು ಅಡಿ ಅಗಲಕ್ಕೆ ತರಗೆಲೆ ಗುಡಿಸಿ ಬೆಂಕಿ ರೇಖೆ ಮಾಡಿ. ಫೆಬ್ರವರಿಯಲ್ಲಿ ಮತ್ತೊಮ್ಮೆ ಗುಡಿಸಿ. ತೇಗ, ಮತ್ತಿಗಳು ಎಲೆ ಉದುರಿಸುವುದು ನಿಮ್ಮ ಮೊದಲ ಗುಡಿಸಾಟ ಮುಗಿದ ಮೇಲೇ. ಬಿದಿರು ಹೂ ಬಿಟ್ಟು ಒಣಗಿ ನಿಂತ ಜಾಗವಾದರೆ ಇನ್ನಷ್ಟು ಎಚ್ಚರ ಬೇಕು. ಒಣ ಮೆಳೆ ಹೊತ್ತಿಕೊಂಡರೆ ಹತ್ತಿರ ಹೋಗಲೂ ಆಗುವುದಿಲ್ಲ.

ಇನ್ನೊಂದು ತೊಂದರೆ ಕಾಗದದ್ದು. ಬಿಟ್ಟ ಜಾಗ ನೋಡಿದವರಿಗೆ ಪೈಸಾರಿ, ಅಂದರೆ ಸರ್ಕಾರಿ ಜಾಗದ ಥರ ಕಾಣುತ್ತದೆ. ಗಡಿಕಲ್ಲು, ಬೇಲಿ ಗಟ್ಟಿ ಇಟ್ಟುಕೊಳ್ಳಿ.

ಕಳೆ ತೆಗೆದು ದಾರಿ ಬಿಡುವುದು

ಕೊಡಗಿನ ಮಟ್ಟಿಗೆ ಜಾಸ್ತಿ ಜಾಗಕ್ಕೆ ಹೊಂದುವುದು ಇದೇ ಅಂತ ನನಗನಿಸುತ್ತದೆ. ಸಸಿ ಇದೆ, ಆದರೆ ಲಂಟಾನ ಮೇಲೇಳಲು ಬಿಡುತ್ತಿಲ್ಲ. ಕಳೆ ತೆಗೆದರೆ ಉಳಿದದ್ದನ್ನು ಕಾಡೇ ಮಾಡಿಕೊಳ್ಳುತ್ತದೆ.

ಲಂಟಾನವನ್ನು ಮೇಲಿಂದ ಕೊಚ್ಚಿದರೆ ಮಳೆಗೆ ಎರಡರಷ್ಟು ಚಿಗುರುತ್ತದೆ. ಸುಟ್ಟರೂ ಅದೇ ಕಥೆ. ಚಿಗುರೇಳುವ ಗಂಟು ಇರುವುದು ಬುಡದಲ್ಲಿ, ಮಣ್ಣಿನ ಮಟ್ಟದಲ್ಲೇ. ಬುಡದ ಮಣ್ಣು ಸರಿಸಿ, ಆ ಗಂಟಿನ ಕೆಳಗೆ, ಅಂದರೆ ಎರಡು ಬೆರಳು ಆಳದಲ್ಲಿ ತಾಯಿಬೇರನ್ನು ಕಡಿಯಬೇಕು. ಆಮೇಲೆ ಪೊದೆಯನ್ನು ಎತ್ತಿ ತಲೆಕೆಳಗಾಗಿ ಒಣಹಾಕಬೇಕು. ಕೊಂಬೆ ಮಣ್ಣಿಗೆ ತಾಗಿದರೆ ಅಲ್ಲೇ ಮತ್ತೆ ಬೇರು ಬಿಡುತ್ತದೆ. ಈ ವಿಧಾನವನ್ನು ದೆಹಲಿ ವಿಶ್ವವಿದ್ಯಾಲಯದ ಸಿ.ಆರ್. ಬಾಬು ಅವರು ರೂಪಿಸಿದರು. ಬೇರು ಪೂರ್ತಿ ಅಗೆಯುವುದಿಲ್ಲವಾದ್ದರಿಂದ ಮಣ್ಣು ಕದಲುವುದೂ ಕಡಿಮೆ.

ಒಂದೇ ಸಲ ಐದು ಎಕರೆ ಬೋಳಿಸಬೇಡಿ. ಬಿಸಿಲು ಬಿದ್ದ ಕೂಡಲೇ ಕಮ್ಯುನಿಸ್ಟ್ ಗಿಡ ಅನ್ನುವ ಇನ್ನೊಂದು ಕಳೆ ಬಂದು ಕೂರುತ್ತದೆ. ಪಟ್ಟಿ ಪಟ್ಟಿಯಾಗಿ ತೆಗೆಯಿರಿ. ಈ ವರ್ಷ ಒಂದು ಪಟ್ಟಿ, ಪಕ್ಕದ್ದು ಮುಂದಿನ ವರ್ಷ. ಕಮ್ಯುನಿಸ್ಟ್ ಗಿಡ ಮಳೆಗಾಲದಲ್ಲಿ ಕೈಯಲ್ಲೇ ಕೀಳಲು ಬರುತ್ತದೆ. ಹೂ ಬಿಟ್ಟ ಮೇಲೆ ಕಿತ್ತರೆ ಬೀಜವನ್ನು ನಾವೇ ಹರಡಿದ ಹಾಗೆ. ಕಡಿದಾದ ಇಳಿಜಾರಾದರೆ ಲಂಟಾನದ ಕೆಲಸ ಸೆಪ್ಟೆಂಬರ್ ಮೊದಲಿನ ಕೈಲ್ ಪೊಳ್ದ್ ಹಬ್ಬ ಕಳೆದು ಮಳೆ ಇಳಿದ ಮೇಲೆ ಸಾಕು. ಜೂನ್‌ನಲ್ಲಿ ಬುಡ ಕದಲಿಸಿ ಜುಲೈ ಮಳೆಗೆ ಬಿಟ್ಟರೆ ಮೇಲ್ಮಣ್ಣು ಗದ್ದೆಗೆ ಇಳಿಯುತ್ತದೆ.

ಇನ್ನು ವೀಡ್ ಕಟರ್. ಕಟರ್ ಹಿಡಿದವನ ಕಣ್ಣಿಗೆ ನಂದಿ ಸಸಿಯೂ ಒಂದೇ, ಕಳೆಯೂ ಒಂದೇ. ಗಂಟೆಗೆ ಇಷ್ಟು ಜಾಗ ಮುಗಿಸಬೇಕು ಅನ್ನುವ ಒತ್ತಡ ಬೇರೆ. ಮೊದಲು ನೀವೇ ಒಂದು ಸುತ್ತು ಹೋಗಿ ಉಳಿಸಬೇಕಾದ ಪ್ರತಿ ಸಸಿಯ ಪಕ್ಕ ಗೂಟ ಹೊಡೆದು ಕೆಂಪು ಬಟ್ಟೆ ಕಟ್ಟಿ. ಗೂಟದ ಸುತ್ತ ಮೂರಡಿ ಕತ್ತಿಯಲ್ಲೇ ಸವರಲಿ, ಯಂತ್ರ ಬೇಡ. ಈ ಒಂದು ದಿನದ ಕೆಲಸ ಮಾಡದೆ ಸಾವಿರಾರು ರೂಪಾಯಿ ಕಳೆ ಹೊಡೆಸಿ, ಕೊನೆಗೆ "ಇಲ್ಲಿ ಏನೂ ಹುಟ್ಟುವುದಿಲ್ಲ" ಅನ್ನುವವರನ್ನು ನೋಡಿದ್ದೇನೆ.

ಹಳದಿ ಹೂವಿನ ಸೆನ್ನಾ ಮರ ನಾಗರಹೊಳೆ, ವಯನಾಡಿನ ಕಡೆ ಹರಡಿಕೊಂಡಿದೆ. ನೋಡಲು ಚೆಂದ ಅಂತ ಗೇಟಿನ ಬಳಿ ನೆಡಬೇಡಿ. ಚಿಕ್ಕದಿದ್ದಾಗಲೇ ಕೀಳಿ. ದೊಡ್ಡದಾದ ಮೇಲೆ ಕಡಿದರೆ ಬುಡದ ತುಂಬ ಚಿಗುರು. ಬುಡದಿಂದ ಎದೆಮಟ್ಟದ ತನಕ ಸುತ್ತಲೂ ತೊಗಟೆ ಸುಲಿದು ನಿಂತಲ್ಲೇ ಒಣಗಿಸಬೇಕು. ಚಿಗುರು ಬಂದಾಗಲೆಲ್ಲ ತೆಗೆಯುತ್ತಿರಬೇಕು.

ಎಷ್ಟು ವರ್ಷ? ಮೂರು. ಮೊದಲ ವರ್ಷದ ಖರ್ಚೇ ಜಾಸ್ತಿ. ಆದರೆ ಎರಡನೇ ವರ್ಷ ಕೈಬಿಟ್ಟರೆ ಮೊದಲ ವರ್ಷದ ದುಡ್ಡು ನೀರಿಗೆ ಹಾಕಿದಂತೆ.

ನೆಡುವುದು

ನೆಡಲೇಬೇಕಾದ ಜಾಗವೂ ಇವೆ. ಹಳೇ ಶುಂಠಿ ಹೊಲ, ಮಣ್ಣು ತೆಗೆದ ಜಾಗ, ಕಾಡಿನಿಂದ ದೂರ ಉಳಿದ ಬೋಳು ಬಾಣೆ. ಇಲ್ಲಿ ಕಾಯುತ್ತಾ ಕೂತರೆ ಲಂಟಾನಕ್ಕೆ ಲಾಭ.

ಪಶ್ಚಿಮದ ಮಳೆ ಕಡೆಗೆ ಧೂಪ, ಹೆಬ್ಬಲಸು, ನಾಗಸಂಪಿಗೆ, ನೇರಳೆ, ಪಣಪುಳಿ. ಪಣಪುಳಿ ಅಂದರೆ ಅಡುಗೆಗೆ ಹಾಕುವ ನಮ್ಮ ಕಪ್ಪು ಹುಳಿರಸ, ಕಾಚಂಪುಳಿ ಕೊಡುವ ಮರ. ಹಂದಿ ಸಾರಿಗೂ ಆಯಿತು, ಕಾಡಿಗೂ ಆಯಿತು. ನಡುವಿನ ಭಾಗಕ್ಕೆ ನಂದಿ, ಹೊನ್ನೆ, ಹಲಸು, ಅತ್ತಿ, ಸಂಪಿಗೆ. ಪೂರ್ವಕ್ಕೆ ಮತ್ತಿ, ಹೊನ್ನೆ, ಬೀಟೆ, ನೆಲ್ಲಿ. ಎಲ್ಲ ಕಡೆಯೂ ಒಂದಿಷ್ಟು ಬೇಗ ಬೆಳೆಯುವ ಕಾಡಿನ ಬೆಂಡೆಮರದಂಥದ್ದು (ತರಕಾರಿ ಬೆಂಡೆ ಅಲ್ಲ) ಇರಲಿ. ಅದು ನೆರಳು ಕೊಟ್ಟರೆ ಧೂಪದಂಥವು ಕೆಳಗೆ ಸುಧಾರಿಸಿಕೊಳ್ಳುತ್ತವೆ. ಬೋಳು ಬಿಸಿಲಿಗೆ ನೇರವಾಗಿ ಧೂಪ ನೆಟ್ಟರೆ ಸಾಯಿಸಲು ನೆಟ್ಟ ಹಾಗೆ.

ಹತ್ತು ಹನ್ನೆರಡು ಬಗೆ ಬೆರೆಸಿ ನೆಡಿ ಅನ್ನುವುದು ಬರೀ ಚೆಂದಕ್ಕಲ್ಲ. ಮುಂದಿನ ಮೂವತ್ತು ವರ್ಷ ಮಳೆ ಹೇಗೆ ಬರುತ್ತದೋ ಯಾರಿಗೂ ಖಾತ್ರಿ ಇಲ್ಲ. ಒಣ ವರ್ಷ ಬಂದರೆ ಹೊನ್ನೆ ತಡೆಯುತ್ತದೆ, ಸುರಿಯುವ ವರ್ಷ ಬಂದರೆ ನೇರಳೆ ತಡೆಯುತ್ತದೆ. ಬೀಜವನ್ನೂ ಒಂದೇ ಮರದಿಂದ ಆರಿಸಬೇಡಿ. ಎಂಟು ಹತ್ತು ತಾಯಿಮರ ಇರಲಿ. ಅದರಲ್ಲಿ ಒಂದೆರಡು ನಿಮಗಿಂತ ಸ್ವಲ್ಪ ಒಣ ಊರಿನವು ಇದ್ದರೆ ಒಳ್ಳೆಯದು. ವಿರಾಜಪೇಟೆ ಹತ್ತಿರದ ಬಾಣೆಗೆ ತಿತಿಮತಿ ಕಡೆಯ ನಂದಿ ಬೀಜ ಸ್ವಲ್ಪ ಸೇರಿಸಿದ ಹಾಗೆ.

ಧೂಪ, ಹಲಸು, ಹೆಬ್ಬಲಸಿನ ಬೀಜ ಒಣಗಿದರೆ ಸತ್ತವು. ಬಿದ್ದ ವಾರದೊಳಗೆ ಮಣ್ಣಿಗೆ ಹಾಕಬೇಕು. ಡಬ್ಬದಲ್ಲಿ ಕಟ್ಟಿಟ್ಟು ಮುಂದಿನ ವರ್ಷ ನೋಡೋಣ ಅನ್ನುವಂತಿಲ್ಲ. ಮಣ್ಣಿನ ಉಂಡೆಯೊಳಗೆ ಬೀಜ ಸೇರಿಸಿ ಎಸೆಯುವ ಬೀಜದುಂಡೆಯ ಬಗ್ಗೆ ನನಗಿರುವ ತಕರಾರೂ ಇದೇ. ಉಂಡೆ ಒಣಗಿಸುವಾಗಲೇ ಇಂಥ ಬೀಜ ಸಾಯುತ್ತವೆ. ಉಳಿದವು ಮೊಳೆತರೂ ಹುಲ್ಲು, ಲಂಟಾನದ ಜೊತೆ ಸೆಣಸಲಾರವು. ಮಕ್ಕಳಿಗೆ ಖುಷಿ ಕೊಡುವ ಕೆಲಸ, ಸರಿ. ಕಾಡು ಎಬ್ಬಿಸುವ ದಾರಿ ಅಂತ ನಂಬಬೇಡಿ.

ನರ್ಸರಿಯಿಂದ ಸಸಿ ತರುವಾಗ ಎತ್ತರ ನೋಡಿ ಮರುಳಾಗಬೇಡಿ. ಒಂದು ಕವರ್ ಹರಿದು ಬೇರು ನೋಡಿ. ತಳದಲ್ಲಿ ಬೇರು ಸಿಂಬೆಯಂತೆ ಸುತ್ತಿಕೊಂಡಿದ್ದರೆ ಆ ಗಿಡ ವಯಸ್ಸು ಮೀರಿದ್ದು. ನೆಟ್ಟ ಮೇಲೂ ಬೇರು ಸುತ್ತುತ್ತಲೇ ಇರುತ್ತದೆ, ಆಳಕ್ಕೆ ಇಳಿಯುವುದಿಲ್ಲ. ಐದಾರು ವರ್ಷ ಚೆನ್ನಾಗಿ ಕಂಡು ಒಂದು ಗಾಳಿಗೆ ಬುಡಸಮೇತ ಮಗುಚುತ್ತದೆ. ಎರಡಡಿಯ ಗಟ್ಟಿ ಸಸಿ ಸಾಕು. ಯಾವ ಜಾತಿ ನಿಮ್ಮ ಜಾಗಕ್ಕೆ ಅನ್ನುವ ಅನುಮಾನ ಇದ್ದರೆ ಪೊನ್ನಂಪೇಟೆಯ ಅರಣ್ಯ ಕಾಲೇಜಿನಲ್ಲಿ ಕೇಳಿ.

ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ಕಡಿಮೆ ಬೆಲೆಗೆ ಸಸಿ ಸಿಗುತ್ತದೆ. ಬದುಕಿದ ಗಿಡಕ್ಕೆ ಮೂರು ವರ್ಷ ಪ್ರೋತ್ಸಾಹಧನವೂ ಇದೆ. ನೆಟ್ಟಿದ್ದಕ್ಕಲ್ಲ, ಬದುಕಿದ್ದಕ್ಕೆ ದುಡ್ಡು. ಇದು ಒಳ್ಳೆ ಲೆಕ್ಕ. ನಿಮ್ಮ ಸ್ವಂತ ದುಡ್ಡನ್ನೂ ಹಾಗೇ ಹಂಚಿ. ಸಸಿ, ಗುಂಡಿಗೆ ಅರ್ಧ, ಮೂರು ವರ್ಷದ ಕಳೆ, ಬೇಸಿಗೆಯಲ್ಲಿ ಬುಡಕ್ಕೆ ಹಾಕುವ ಮುಚ್ಚಿಗೆಗೆ ಅರ್ಧ.

ಚಿಕ್ಕ ಜಾಗದಲ್ಲಿ ಒತ್ತೊತ್ತಾಗಿ ಗಿಡ ನೆಡುವ ಮಿಯಾವಾಕಿ ವಿಧಾನದ ಬಗ್ಗೆಯೂ ಜನ ಕೇಳುತ್ತಾರೆ. ಚದರ ಮೀಟರಿಗೆ ಮೂರು ನಾಲ್ಕು ಗಿಡ ಅಂದರೆ ಎಕರೆಗೆ ಹನ್ನೆರಡು ಸಾವಿರದ ಮೇಲೆ. ಮಡಿಕೇರಿಯ ಶಾಲೆಯ ಹಿತ್ತಲಲ್ಲಿ ನಾಲ್ಕು ಸೆಂಟಿಗೆ ಮಾಡಿ. ಬಾಣೆಗೆ ಬೇಡ.

ಸಿಲ್ವರ್ ಓಕಾ, ಕಾಡುಮರವಾ?

ತೋಟದ ಒಳಗೆ ನೆರಳಿಗೆ ಏನು ನೆಡುವುದು ಅನ್ನುವುದು ಕೊಡಗಿನ ಹಳೇ ಜಗಳ. ಇಲ್ಲಿ ಸಿಲ್ವರ್ ಓಕ್ ನೆಟ್ಟವರನ್ನು ಬೈಯುವುದು ಸುಲಭ, ಅವರ ಲೆಕ್ಕ ಅರ್ಥ ಮಾಡಿಕೊಳ್ಳುವುದು ಕಷ್ಟ. ಮರ ಬೇಗ ಬೆಳೆಯುತ್ತದೆ. ನೆಟ್ಟಗೆ ಏರುತ್ತದೆ, ಕರಿಮೆಣಸಿನ ಬಳ್ಳಿಗೆ ಹೇಳಿಮಾಡಿಸಿದ ಕಾಂಡ. ಎಲ್ಲಕ್ಕಿಂತ ಮುಖ್ಯ ಕಡಿಯುವ ಅನುಕೂಲ. 1976ರ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ಅದಕ್ಕೆ ವಿನಾಯಿತಿ ಇದೆ. ಮಗಳ ಮದುವೆ ಬಂತು, ನಾಲ್ಕು ಮರ ಕೊಟ್ಟರು, ಮುಗಿಯಿತು. ಅದೇ ಹೊನ್ನೆಯೋ ಬೀಟೆಯೋ ಆದರೆ ಅರ್ಜಿ, ಸರ್ವೆ, ಮರದ ಹಕ್ಕಿನ ಪ್ರಶ್ನೆ. ಬಾಣೆಯ ಮರಗಳ ಮೌಲ್ಯವನ್ನು ಸರ್ಕಾರಕ್ಕೆ ಕಟ್ಟಿಲ್ಲದಿದ್ದರೆ ಮರ ಸರ್ಕಾರದ್ದೇ ಅನ್ನುವ ವಾದ ಎದುರಿಗಿದೆ. ತಾನು ಬೆಳೆಸಿದ ಮರ ತನ್ನದಲ್ಲ ಅಂದರೆ ಯಾರು ಬೆಳೆಸುತ್ತಾರೆ?

ಇನ್ನೊಂದು ಕಡೆಯ ಲೆಕ್ಕವೂ ಇದೆ. ಸಿಲ್ವರ್ ಓಕ್ ಎಲೆ ಬೇಗ ಕೊಳೆತು ಮಣ್ಣಾಗುವುದಿಲ್ಲ. ಹಕ್ಕಿಗೆ ಹಣ್ಣಿಲ್ಲ. ಗಾಳಿಗೆ ಮುರಿಯುತ್ತದೆ. ತೋಟದ ತುಂಬ ಅದೊಂದೇ ಇದ್ದರೆ ನೆರಳು ತೆಳ್ಳಗಾಗುತ್ತದೆ. ಬೇಸಿಗೆ ಬಿಸಿ ಏರಿದಂತೆ ಅರೇಬಿಕಾಕ್ಕೆ ಬಿಳಿ ಕಾಂಡಕೊರಕದ ಕಾಟ ಜಾಸ್ತಿ, ಅದು ಬಿಸಿಲು ಬೀಳುವ ಗಿಡವನ್ನೇ ಹುಡುಕಿ ಬರುತ್ತದೆ. ಹಾಗಂತ ನೆರಳು ವಿಪರೀತ ದಟ್ಟ ಇದ್ದರೆ ಮಳೆಗಾಲದಲ್ಲಿ ಕೊಳೆರೋಗ. ನೆರಳು ಮರದ ಕೊಂಬೆ ಸವರುವ ಮರಗಸಿ ತಪ್ಪಿಸುವಂತಿಲ್ಲ.

ನನ್ನ ಮಾತು ಕೇಳುವುದಾದರೆ, ಈಗಿರುವ ದೊಡ್ಡ ಕಾಡುಮರ ಒಂದನ್ನೂ ಸಿಲ್ವರ್ ಓಕ್‌ಗಾಗಿ ತೆಗೆಯಬೇಡಿ. ಹೊಸದಾಗಿ ನೆಡುವಾಗ ರಸ್ತೆ ಬದಿ, ಮರ ಸಾಗಿಸಲು ಸುಲಭ ಇರುವ ಕಡೆ ಸಿಲ್ವರ್ ಓಕ್ ಇರಲಿ. ತೋಡಿನ ಬದಿ, ಇಳಿಜಾರು, ಕಾಡಿನ ಅಂಚಿಗೆ ನಾಡಮರ ಹಾಕಿ. ನಡುವೆ ತಾತ್ಕಾಲಿಕ ನೆರಳಿಗೆ ಹಾಲುವಾಣ. ಅದು ಮಣ್ಣಿಗೆ ಸಾರಜನಕವನ್ನೂ ಸೇರಿಸುತ್ತದೆ, ಕಾಯ್ದೆಯ ವಿನಾಯಿತಿಯೂ ಅದಕ್ಕಿದೆ. ನಾಡಮರ ನೆಟ್ಟ ದಿನ, ಜಾಗ, ಜಾತಿ ಬರೆದಿಟ್ಟು ಫೋಟೊ ತೆಗೆದಿಡಿ. ಮುಂದೆ ಮಕ್ಕಳು ಕಡಿಯಲು ಅರ್ಜಿ ಹಾಕುವಾಗ ನೆಟ್ಟ ಮರವಾ, ತಾನೇ ಹುಟ್ಟಿದ್ದಾ ಅನ್ನುವ ಪ್ರಶ್ನೆ ಬಂದೇ ಬರುತ್ತದೆ.

ಈ ಲೆಕ್ಕಕ್ಕೆ ಸಿಗದ ಮೂರು ಜಾಗ

ಬೆಟ್ಟದ ಹುಲ್ಲುಗಾವಲು. ತಡಿಯಂಡಮೋಳ್, ಮಾಂದಲ್‌ಪಟ್ಟಿ, ಕೋಟೆಬೆಟ್ಟದಂಥ ಕಡೆ ಮೇಲೆ ಹುಲ್ಲು, ಕಣಿವೆಯಲ್ಲಿ ಶೋಲಾ ಅನ್ನುವ ಗಿಡ್ಡ ಹಸಿರು ಕಾಡು. ಅದು ಬೋಳಾದ ಕಾಡಲ್ಲ, ಅದರ ರೂಪವೇ ಹಾಗೆ. ಬಂಡೆಯ ಮೇಲಿನ ತೆಳು ಮಣ್ಣನ್ನು ಹುಲ್ಲಿನ ಬೇರು ಹಿಡಿದು ನಿಂತಿದೆ. ಅಲ್ಲಿ ಗಿಡ ನೆಡುವುದು, ಗುಂಡಿ ತೋಡುವುದು ಎರಡೂ ಬೇಡ.

ಜಾರಿದ ಅಥವಾ ಜಾರುವ ಇಳಿಜಾರು. ಇಲ್ಲಿ ಮೊದಲ ಕೆಲಸ ನೀರಿನದು. ಬಿರುಕಿನ ಮೇಲ್ಭಾಗದಿಂದ ಮಳೆನೀರನ್ನು ಬೇರೆ ಕಡೆ ತಿರುಗಿಸಿ. ಇಂಗುಗುಂಡಿ ಒಳ್ಳೆಯದೇ, ಆದರೆ ಎಲ್ಲ ಕಡೆ ಅಲ್ಲ. ಆಳ ಮಣ್ಣಿನ ಕಡಿದಾದ ಗುಡ್ಡದಲ್ಲಿ ನೀರು ಇಂಗಿಸಿದರೆ ಮಣ್ಣಿನ ಭಾರ ಏರಿ ಬಂಡೆಯ ಮೇಲಿಂದ ಜಾರುತ್ತದೆ. ತಲಕಾವೇರಿಯ ಗುಡ್ಡ ಕುಸಿದಾಗ ಅಲ್ಲಿನ ಗುಂಡಿಗಳ ಬಗ್ಗೆ ಜೋರು ಚರ್ಚೆ ಎದ್ದಿದ್ದು ಇದಕ್ಕೇ. ಸಮಮಟ್ಟದ ಸಾಲಿನಲ್ಲಿ ಲಾವಂಚ ನೆಡಿ, ಹುಲ್ಲು ತಾನಾಗಿ ಬರಲಿ, ಬುಡದಲ್ಲಿ ಬಿದಿರು ಇರಲಿ. ಎತ್ತರದ ಮರ ತುದಿಯಲ್ಲಿ ಬೇಡ. ಗಾಳಿಗೆ ಅಲ್ಲಾಡಿ ಬಿರುಕನ್ನು ದೊಡ್ಡದು ಮಾಡುತ್ತದೆ. ರಸ್ತೆಗೋ ಹೋಂಸ್ಟೇಗೋ ಗುಡ್ಡದ ಬುಡ ಕಡಿದಿದ್ದರೆ, ಮೇಲೆ ಎಷ್ಟು ನೆಟ್ಟರೂ ಪ್ರಯೋಜನವಿಲ್ಲ.

ದೇವರಕಾಡು. ಜಿಲ್ಲೆಯಲ್ಲಿ 1,214 ದೇವರಕಾಡುಗಳ ಪಟ್ಟಿ ಇದೆ. ಎಷ್ಟೋ ಈಗ ಒಂದೆರಡು ಎಕರೆಗೆ ಇಳಿದಿವೆ. ಇಲ್ಲಿ ಅಂಚಿನ ಲಂಟಾನ ತೆಗೆಯುವುದು, ಗಡಿ ಗುರುತು ಮಾಡಿಸುವುದು ಇಷ್ಟೇ ಕೆಲಸ. ಬಿದ್ದ ಮರ ಬಿದ್ದಲ್ಲೇ ಇರಲಿ, ಕೊಳೆಯಲಿ. ಗುಡಿ ಜೀರ್ಣೋದ್ಧಾರದ ಹೆಸರಲ್ಲಿ ಇಂಟರ್‌ಲಾಕ್ ಹಾಕಿ, ಸುತ್ತ ಕ್ರೋಟನ್ ನೆಟ್ಟು ಪಾರ್ಕ್ ಮಾಡುವುದು ಬೇಡ. ಕೆಲಸ ಹಿಡಿಯುವ ಮೊದಲು ಊರಿನ ದೇವರ ಕೆಲಸ ನೋಡಿಕೊಳ್ಳುವ ಹಿರಿಯರಾದ ತಕ್ಕರನ್ನು ಕೇಳಿ, ಇಲಾಖೆಯ ಒಪ್ಪಿಗೆ ಪಡೆಯಿರಿ. ಅಕ್ಕಪಕ್ಕದ ನಾಲ್ಕು ತೋಟದವರು ಧೂಪ, ಹೆಬ್ಬಲಸಿನ ಬೀಜ ಬೇಕು ಅಂದರೆ ಇಲ್ಲೇ ಕೇಳಿ ಆರಿಸಿಕೊಳ್ಳಬಹುದು. ಬಿದ್ದ ಬೀಜ ಅಷ್ಟನ್ನೂ ಆರಿಸಬೇಡಿ, ಕಾಲುಭಾಗ ಸಾಕು.

ಕೊನೆಗೆ ಆನೆ

ಕೊಡಗಿನಲ್ಲಿ ಆನೆ ಬಿಟ್ಟು ಮರದ ಮಾತು ಆಡಲು ಆಗುವುದಿಲ್ಲ. ಹಲಸು, ಬೈನೆ (ತಾಳೆ ಜಾತಿಯ ಮರ), ಬಿದಿರು ಕಾಡಿಗೆ ಒಳ್ಳೆಯವು, ಆನೆಗೆ ಇನ್ನೂ ಒಳ್ಳೆಯವು. ಹಣ್ಣಾಗುವ ಮೊದಲೇ ಹಲಸಿನಕಾಯಿ ಕಿತ್ತು ಹಾಕುವವರು ಎಷ್ಟೋ ಜನ. ಪೂರ್ವದಲ್ಲಿ ತೇಗದ ತೋಪುಗಳಲ್ಲಿ ಆನೆಗೆ ತಿನ್ನಲು ಹೆಚ್ಚೇನೂ ಇಲ್ಲ, ಅದೂ ತೋಟಕ್ಕೆ ಬರಲು ಒಂದು ಕಾರಣ. ಅಂಥ ತೋಪನ್ನು ನಿಧಾನವಾಗಿ ಬಿದಿರು, ಹುಲ್ಲು, ಅತ್ತಿ ಇರುವ ಕಾಡಾಗಿ ಮಾಡುವುದು ದೊಡ್ಡ ಕೆಲಸ, ಒಬ್ಬರ ಕೈಯಲ್ಲಿ ಆಗುವುದಲ್ಲ. ನಿಮ್ಮ ಬಾಣೆಯ ಮಟ್ಟಿಗೆ, ಹಲಸು, ಬೈನೆ ನೆಡುವುದಾದರೆ ಮನೆ, ಕೆಲಸದವರು ಇರುವ ಲೈನ್‌ಮನೆ, ಮಕ್ಕಳು ಶಾಲೆಗೆ ನಡೆಯುವ ದಾರಿ, ಕಾಫಿ ಕಣ ಇವುಗಳಿಂದ ದೂರ, ಕಾಡಿನ ಕಡೆಯ ಅಂಚಿಗೆ ಹಾಕಿ. ಆನೆ ಈಗಾಗಲೇ ಓಡಾಡುವ ದಾರಿ ಇದ್ದರೆ ಅದನ್ನು ಅಡ್ಡಗಟ್ಟಿ ಸಸಿ ಸಾಲು ಹಾಕಬೇಡಿ, ಒಂದೇ ರಾತ್ರಿಯಲ್ಲಿ ತುಳಿದು ಹೋಗುತ್ತದೆ. ಮನೆ ಹತ್ತಿರಕ್ಕೆ ನಂದಿ, ಹೊನ್ನೆ, ಪಣಪುಳಿ ಸಾಕು.